ಇಡಿಯಾಗಿ ಉಳಿದದ್ದರ ಋಣ

ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿ ಇರಾನಿನ ಒಂದು ರತ್ನಗಂಬಳಿಯಿದೆ. ಅರ್ದಬಿಲ್ ಗಂಬಳಿ ಎಂದು ಅದರ ಹೆಸರು. ಸುಮಾರು ಹತ್ತೂವರೆ ಮೀಟರ್ ಉದ್ದ, ಐದು ಮೀಟರಿಗೂ ಹೆಚ್ಚು ಅಗಲ. ರೇಷ್ಮೆಯ ಹಾಸುಹೊಕ್ಕು, ಅದರ ಮೇಲೆ ಉಣ್ಣೆಯ ಎರಡೂವರೆ ಕೋಟಿಗೂ ಹೆಚ್ಚು ಗಂಟುಗಳು. ಒಂದು ತುದಿಯಲ್ಲಿ ಹಿಜರಿ 946 ಎಂಬ ವರ್ಷವಿದೆ, ಅಂದರೆ ಕ್ರಿ.ಶ. 1539–40. ಜೊತೆಗೆ ಮಕ್ಸೂದ್ ಕಾಶಾನಿ ಎಂಬ ಹೆಸರು. ಗಂಟು ಹಾಕಿದ ಬೆರಳುಗಳ ಹೆಸರಿಲ್ಲ.

ಪರ್ಷಿಯನ್ ಕುಶಲಕಲೆಗಳ ಬಗ್ಗೆ ಪಿಎಚ್.ಡಿ. ಮಾಡುತ್ತಿರುವ ನಾನು ಈ ಗಂಬಳಿಯನ್ನು ಚಿತ್ರಗಳಲ್ಲಷ್ಟೇ ನೋಡಿದ್ದೇನೆ. ಅದರ ಪರಿಪೂರ್ಣತೆಗೆ ಬೆರಗಾಗಿದ್ದ ನನಗೆ ಉಳಿದರ್ಧ ಕತೆ ಗೊತ್ತಾದದ್ದು ಆಮೇಲೆ. ಇದಕ್ಕೊಂದು ಜೋಡಿಯಿತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಎರಡೂ ಜೀರ್ಣವಾಗಿದ್ದವು. ಆಗ ಒಂದನ್ನು ಕತ್ತರಿಸಿ ಇನ್ನೊಂದಕ್ಕೆ ತೇಪೆ ಹಾಕಿದರು. ಇಡಿಯಾದದ್ದನ್ನು 1893ರಲ್ಲಿ, ವಿಲಿಯಂ ಮಾರಿಸ್‌ನ ಶಿಫಾರಸಿನ ಮೇಲೆ, 2,000 ಪೌಂಡ್ ಕೊಟ್ಟು ಸಂಗ್ರಹಾಲಯ ಕೊಂಡಿತು. ಅಂಚು ಕಳೆದುಕೊಂಡು ಕುಗ್ಗಿದ ಇನ್ನೊಂದು ಈಗ ಲಾಸ್ ಏಂಜಲಿಸ್‌ನಲ್ಲಿದೆ.

ಹಾಗೆ ಕತ್ತರಿಸಿದ್ದು ತಪ್ಪೇ? ಎರಡು ಹರಕುಗಳಿಗಿಂತ ಒಂದು ಇಡಿ ಲೇಸು ಎಂಬ ವಾದವನ್ನು ಸುಲಭವಾಗಿ ತಳ್ಳಿಹಾಕಲಾರೆ. ಎರಡೂ ಹಾಗೇ ಬಿದ್ದಿದ್ದರೆ ನಾನು ಈ ಸಾಲುಗಳನ್ನು ಬರೆಯುತ್ತಲೂ ಇರಲಿಲ್ಲವೇನೋ. ನನ್ನನ್ನು ಕಾಡುವುದು ಬೇರೆ ಸಂಗತಿ. ಇಡಿಯಾದ ವಸ್ತು ತನ್ನ ಋಣವನ್ನು ತಾನಾಗಿ ಹೇಳುವುದಿಲ್ಲ. ನೋಡುವ ಕಣ್ಣು ಅದರ ಪೂರ್ಣತೆಯಲ್ಲಿ ತಣಿಯುತ್ತದೆ, ತೇಪೆಯನ್ನು ಹುಡುಕುವುದಿಲ್ಲ.

ಇದನ್ನು ಹೊರಗೆ ನಿಂತು ಹೇಳುವ ಹಕ್ಕು ನನಗಿಲ್ಲ. ನನ್ನ ಪ್ರಬಂಧದ ಒಂದು ಅಧ್ಯಾಯ ಬೀದರಿನ ಬಿದ್ರಿ ಕಲೆಯ ಮೇಲಿದೆ. ಅದು ಬಹಮನಿ ಕಾಲದಲ್ಲಿ ಇರಾನಿನ ಕುಶಲಕರ್ಮಿಗಳೊಂದಿಗೆ ಬಂತೆಂಬುದು ಪರಂಪರೆಯ ಮಾತು. ಅಲ್ಲಿನ ಒಬ್ಬ ಹಿರಿಯ ಕಸುಬುದಾರರು ಎರಡು ಗಂಟೆ ಮಾತಾಡಿದರು. ಸತುವಿನ ಪಾತ್ರೆಗೆ ಬೆಳ್ಳಿ ಕೂರಿಸುವುದನ್ನೂ ಹಳೆ ಕೋಟೆಯ ಮಣ್ಣಿನಿಂದ ಕಪ್ಪು ಬರಿಸುವುದನ್ನೂ ತೋರಿಸಿದರು. ಮಂಜಾಗುತ್ತಿರುವ ಕಣ್ಣು, ಆಟೋ ಓಡಿಸುವ ಮಗ, ಬಾರದ ಬಾಕಿ ಎಲ್ಲವನ್ನೂ ಹೇಳಿಕೊಂಡರು. ಕೊನೆಗೆ ಕೇಳಿದರು: "ಇದೆಲ್ಲಾ ಬರೀತೀರಲ್ಲ?" ಹೂಂ ಎಂದೆ.

ಅಧ್ಯಾಯದಲ್ಲಿ ಈಗ ಅವರ ನಾಲ್ಕು ವಾಕ್ಯಗಳಿವೆ, ನಾಲ್ಕೂ ಪರ್ಷಿಯನ್ ಪ್ರಭಾವಕ್ಕೆ ಸಾಕ್ಷಿ. ನನ್ನ ವಾದದ ತೂತುಗಳಿಗೆ ಅವರ ಮಾತು ಅಚ್ಚುಕಟ್ಟಾಗಿ ಕೂತಿದೆ. ಓದಿದವರು ಅಧ್ಯಾಯ ಗಟ್ಟಿಯಾಗಿದೆ ಎಂದರು.

ಕತ್ತರಿಸದೆ ಪ್ರಬಂಧ ಬರೆಯಲಾಗದು ಎಂದು ನನಗೂ ಗೊತ್ತು. ಎರಡು ಗಂಟೆಯ ಮಾತೆಲ್ಲ ಯಾವ ಅಧ್ಯಾಯದಲ್ಲೂ ಹಿಡಿಯುವುದಿಲ್ಲ. ಆದರೆ ಕತ್ತರಿಸುವುದು ಬೇರೆ, ಕತ್ತರಿಸಲೇ ಇಲ್ಲವೆಂಬಂತೆ ತೋರಿಸುವುದು ಬೇರೆ. ಮೊದಲನೆಯದು ಅನಿವಾರ್ಯ ಇರಬಹುದು, ಎರಡನೆಯದು ನಮ್ಮ ಆಯ್ಕೆ. ಲಾಸ್ ಏಂಜಲಿಸ್‌ನ ಅಂಚಿಲ್ಲದ ಗಂಬಳಿ ಈ ಕಾರಣಕ್ಕೇ ನನಗೆ ಮುಖ್ಯ. ಇನ್ನೊಂದರ ಅಂದಕ್ಕೆ ಯಾರು ಬೆಲೆ ತೆತ್ತರು ಎಂಬುದನ್ನು ಅದು ಮೈಮೇಲೆ ಹೊತ್ತಿದೆ.

ಅಧ್ಯಾಯಕ್ಕೆ ಒಂದು ಪುಟ ಸೇರಿಸಿದ್ದೇನೆ: ಅವರು ಏನೇನು ಹೇಳಿದರು, ನಾನು ಏನೇನು ಬಿಟ್ಟೆ ಎಂದು. ಅದರಿಂದ ವಾದ ಕೊಂಚ ಸಡಿಲವಾಗಿದೆ. ಮುಂದಿನ ತಿಂಗಳು ಬೀದರಿಗೆ ಹೋಗಿ ಆ ಪುಟವನ್ನು ಅವರಿಗೆ ಓದಿ ಹೇಳಬೇಕು. ಅವರು ಏನನ್ನುತ್ತಾರೋ ಎಂಬ ಅಳುಕಿದೆ.