ದೂರ ಎಂಬ ಮಾತು

ನನ್ನ ತವರು ಹಿರೋಳ್ಳಿ, ಆಳಂದ ತಾಲ್ಲೂಕಿನಲ್ಲಿ ಮಹಾರಾಷ್ಟ್ರದ ಗಡಿಗೆ ಹತ್ತಿಕೊಂಡ ಊರು. ಅಲ್ಲಿಯವರ ಬಾಯಲ್ಲಿ ‘ದೂರ’ ಎಂಬುದು ದಿನಬಳಕೆಯ ಮಾತು. ದೊಡ್ಡ ಆಸ್ಪತ್ರೆ ದೂರ, ಕೋರ್ಟು ದೂರ, ಬೆಂಗಳೂರಂತೂ ಬಲು ದೂರ. ಈ ಮಾತಿನ ಬೆನ್ನಿಗೆ ನಾವು ಏನೇನು ಬಚ್ಚಿಡುತ್ತೇವೆ ಎಂದು ಈಚೆಗೆ ಯೋಚಿಸುತ್ತಿದ್ದೇನೆ.

ನಮ್ಮ ಮುತ್ಯಾನ ಕಾಲಕ್ಕೆ ಈ ಸೀಮೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ವಿಶ್ವವಿದ್ಯಾಲಯವೆಂದರೆ 1918ರಲ್ಲಿ ಹೈದರಾಬಾದಿನಲ್ಲಿ ಆರಂಭವಾದ ಉಸ್ಮಾನಿಯಾ, ಪಾಠವೆಲ್ಲ ಉರ್ದುವಿನಲ್ಲಿ. ಕನ್ನಡ ಮನೆಯ ಹುಡುಗನಿಗೆ ಊರೂ ದೂರ, ಭಾಷೆಯೂ ದೂರ. 1956ರಲ್ಲಿ ನಾವು ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಕಣ್ಣು ಧಾರವಾಡದ ಕಡೆ ಹೊರಳಿತು. 1970ರಲ್ಲಿ ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ ಕಲಬುರಗಿಯಲ್ಲಿ ಸ್ನಾತಕೋತ್ತರ ಕೇಂದ್ರ ತೆರೆಯಿತು. 1980ರಲ್ಲಿ ಅದೇ ಗುಲಬರ್ಗಾ ವಿಶ್ವವಿದ್ಯಾಲಯವಾಯಿತು. 2009ರಲ್ಲಿ ಹುಟ್ಟಿದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಂತೂ ಮೊದಲು ಕಲಬುರಗಿಯಲ್ಲಿದ್ದು, ಆಮೇಲೆ ನಮ್ಮದೇ ತಾಲ್ಲೂಕಿನ ಕಡಗಂಚಿಗೆ ಬಂದು ನೆಲೆಸಿತು. ಹೀಗೆ ಮೂರು ತಲೆಮಾರಿನಲ್ಲಿ ವಿಶ್ವವಿದ್ಯಾಲಯ ಹೆಜ್ಜೆಹೆಜ್ಜೆಯಾಗಿ ನಡೆದು ನಮ್ಮ ತೊಗರಿ ಹೊಲಗಳ ಸಮೀಪಕ್ಕೇ ಬಂತು. ನಾವು ಎಷ್ಟು ಹೆಜ್ಜೆ ಎದುರು ಹೋದೆವು?

ಸೋದರಮಾವನ ಮನೆಯಲ್ಲಿದ್ದು ನಾನು ಬಿ.ಎ. ಮುಗಿಸಿದ್ದು 1986ರಲ್ಲಿ. ಕಲಬುರಗಿಗೆ ಹೋಗಿ ಕನ್ನಡ ಎಂ.ಎ. ಮಾಡುವ ಆಸೆ ಇತ್ತು. “ಹೆಣ್ಣು ಕೂಸಿಗಿ ಅಷ್ಟು ದೂರ ಹ್ಯಾಂಗ ಕಳಸಲಿ?” ಎಂದರು ಅಪ್ಪ. ಮರುವರ್ಷ ನನ್ನನ್ನು ಪುಣೆಗೆ ಕೊಟ್ಟು ಮದುವೆ ಮಾಡಿದರು. ಆಗ ದೂರದ ಮಾತನ್ನು ಯಾರೂ ಎತ್ತಲಿಲ್ಲ.

2013ರಲ್ಲಿ ನಮ್ಮ ಭಾಗಕ್ಕೆ 371ಜೆ ಜಾರಿಯಾಗಿ, ಓದು ಮತ್ತು ನೌಕರಿಯಲ್ಲಿ ಇಲ್ಲಿಯವರಿಗೆ ಮೀಸಲಾತಿ ದೊರೆತಾಗ ನನ್ನ ತಮ್ಮ ಓಣಿಗೆಲ್ಲ ಪೇಢೆ ಹಂಚಿದ. “ಇನ್ನ ಮ್ಯಾಲ ನಮಗ ಅನ್ಯಾಯ ಆಗಂಗಿಲ್ಲ” ಎಂದ. ಅದೇ ತಮ್ಮ 2023ರ ಬೇಸಿಗೆಯಲ್ಲಿ, ಮಗಳು ಕಡಗಂಚಿಯಲ್ಲಿ ಎಂ.ಎ. ಓದುತ್ತೇನೆ ಎಂದಾಗ ನನ್ನ ಕಡೆ ತಿರುಗಿ, “ದೂರ ಆಗ್ತದ ಅಕ್ಕಾ. ನೀ ಏನಂತಿ?” ಎಂದು ಕೇಳಿದ. ರೊಟ್ಟಿ ಬಡಿಯುತ್ತಿದ್ದ ನಾನು ತಲೆ ಎತ್ತದೆ, “ನಿಮ್ಮ ಮನಿ ವಿಚಾರ, ನೀವೇ ನೋಡ್ರಿ” ಎಂದುಬಿಟ್ಟೆ. ಹುಡುಗಿ ಬಾಗಿಲಲ್ಲಿ ನಿಂತಿದ್ದಳು.

ಕೊಟ್ಟ ಹೆಣ್ಣು ತವರಿನಲ್ಲಿ ಮಾತು ಕಡಿಮೆ ಆಡಬೇಕು ಎಂಬುದು ನಾನು ಕಲಿತ ಪಾಠ. ಆ ನಾಲ್ಕು ದಿನ ನಗುನಗುತ್ತ ಇದ್ದು ಬರುವ ಆಸೆ ಯಾರಿಗಿಲ್ಲ? ಆದರೆ ಕೇಳದಿದ್ದಾಗ ಸುಮ್ಮನಿರುವುದು ಬೇರೆ, ಕೇಳಿದಾಗ ಸುಮ್ಮನಿರುವುದು ಬೇರೆ. ಮೊದಲನೆಯದನ್ನು ಸಂಕೋಚ ಎನ್ನಬಹುದು. ಎರಡನೆಯದನ್ನು ಏನೆಂದು ಕರೆಯುವುದು? ಅಪ್ಪನ ಮೇಲೆ ಇಷ್ಟು ವರ್ಷ ಹೊರಿಸಿದ್ದ ತಪ್ಪಿನಲ್ಲಿ ನಾನೂ ಪಾಲು ತೆಗೆದುಕೊಂಡಿದ್ದೆ.

ಹೆತ್ತವರ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಬಸ್ಸು ತಪ್ಪಿದರೆ? ಕತ್ತಲಾದರೆ? ಜನ ಆಡಿಕೊಂಡರೆ? ಇಂಥ ಭಯಗಳನ್ನು ಹೆಸರಿಟ್ಟು ಹೇಳಿದರೆ ಒಂದೊಂದಕ್ಕೂ ದಾರಿ ಹುಡುಕಬಹುದು. ಎಲ್ಲವನ್ನೂ ‘ದೂರ’ ಎಂದು ಒಂದೇ ಗಂಟು ಕಟ್ಟಿಟ್ಟರೆ ಬಿಚ್ಚುವವರು ಯಾರು?

ಮರುವರ್ಷ ಒಂದು ಮದುವೆಗೆಂದು ಆಳಂದದಿಂದ ಕಲಬುರಗಿ ಬಸ್ಸು ಹತ್ತಿದ್ದೆ. ಪಕ್ಕದಲ್ಲಿ ಕುಳಿತವಳು ಕೇರಳದ ಹುಡುಗಿ, ಕಡಗಂಚಿಯಲ್ಲಿ ಓದುವವಳು. ಹರುಕುಮುರುಕು ಕನ್ನಡದಲ್ಲೇ ನನ್ನೊಡನೆ ಮಾತಾಡಿದಳು. ವಿಶ್ವವಿದ್ಯಾಲಯ ಬಂದಾಗ ಚೀಲ ಹೆಗಲಿಗೆ ಹಾಕಿ ಇಳಿದುಹೋದಳು. ಅವಳ ಮನೆಯಲ್ಲೂ ಯಾರೋ “ದೂರ” ಎಂದಿರಬೇಕು. ಇನ್ನು ಯಾರೋ “ಹೋಗಲಿ” ಎಂದಿರಬೇಕು.

ಅಂದು ರಾತ್ರಿ ತಮ್ಮನಿಗೆ ಫೋನ್ ಮಾಡಿದೆ. “ಹೋದ ವರ್ಷ ನೀ ಕೇಳಿದ್ದಿ, ನಾ ಹೇಳಲಿಲ್ಲ. ಈಗ ಹೇಳ್ತೀನಿ, ಆಕಿನ್ನ ಕಳಸು” ಎಂದೆ. ಅವನು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಪರೀಕ್ಷಾ ಅರ್ಜಿ ಯಾವಾಗ ಬಿಡ್ತಾರಂತ ಆಕಿನ್ನೇ ಕೇಳ್ತೀನಿ ತಡಿ” ಎಂದು ಮಗಳನ್ನು ಕೂಗಿದ.