ಮನೆಯೊಡನೆ ಬಂದ ಅತಿಥಿ

ಶರತ್ತೆಂದರೆ ತಿಳಿಯಾದ ಆಕಾಶವೆಂದು ಬಗೆಯುವವರಿಗೆ ಸ್ಕಾಟ್ಲೆಂಡಿನ ಬಡಗಣ ಕರಾವಳಿಯ ಶರತ್ಕಾಲವು ಸೋಜಿಗವೆನಿಸೀತು. ಅಲ್ಲಿ ಅದು ಗಾಳಿಮಳೆಗಳ ಕಾಲ. ಇನ್ವರ್ನೆಸ್ಸಿನಿಂದ ಹೊರಟು ಅಲ್ಲಿಗೇ ಮರಳುವ ಸುಮಾರು 516 ಮೈಲಿಗಳ ಹಾದಿಯೊಂದು 2015ರಿಂದ ‘ನಾರ್ತ್ ಕೋಸ್ಟ್ 500’ ಎಂದು ಹೆಸರಾಗಿದೆ. ಹಾಸಿಗೆ, ಒಲೆ, ನೀರುಗಳನ್ನೆಲ್ಲ ಒಳಗೊಂಡ ಮೋಟಾರು ಮನೆಗಳಲ್ಲಿ ಜನರು ಅಲ್ಲಿ ಸಂಚರಿಸುತ್ತಾರೆ.

ಮಳೆಗೆ ಸಿಕ್ಕಿದ ಹಿಂದಿನ ಕಾಲದ ಪಥಿಕನು ಯಾರದಾದರೂ ಕದವನ್ನು ತಟ್ಟಲೇಬೇಕಾಗಿತ್ತು. ಆ ಕೊರತೆಯೇ ಅವನನ್ನು ಅತಿಥಿಯನ್ನಾಗಿ ಮಾಡುತ್ತಿತ್ತು; ಬೆಂಕಿಗೂ ಸೂರಿಗೂ ಅವನು ಋಣಿಯಾಗುತ್ತಿದ್ದನು. ಮನೆಯನ್ನೇ ತಂದವನು ಯಾರನ್ನೂ ಬೇಡನು. ಬೇಡದವನಿಗೆ ಋಣವೆಲ್ಲಿಯದೆಂದು ಅವನ ನಂಬುಗೆ. ಈ ನಂಬುಗೆ ನಿಲ್ಲದು. ಆ ಹಾದಿ ಹಲವೆಡೆ ಒಂದೇ ಗಾಡಿಯ ಅಗಲದ್ದು. ಎದುರು ಬಂದವರಿಗೆ ಎಡೆಗೊಡಲೆಂದು ಅಲ್ಲಲ್ಲಿ ಅಂಚನ್ನು ಹಿಗ್ಗಿಸಿದ್ದಾರೆ. ಜಡಿಮಳೆಯ ಇರುಳು ಅಂತಹ ತಾವಿನಲ್ಲಿ ಗಾಡಿ ನಿಲ್ಲಿಸಿ ಮಲಗಿದವನು ಊರವರ ನಿದ್ದೆ ಕೆಡಿಸಲಿಲ್ಲ, ನಿಜ. ರೋಗಿಯೆಡೆಗೆ ಧಾವಿಸುವ ವೈದ್ಯನ ದಾರಿಗೆ ಅಡ್ಡವಾದನು. 2003ರ ಭೂಸುಧಾರಣಾ ಶಾಸನವು ಬಯಲಿನಲ್ಲಿ ಹೊಣೆಯರಿತು ಅಲೆಯುವ ಹಕ್ಕನ್ನು ಸರ್ವರಿಗೂ ಕೊಟ್ಟಿತು. ಮೋಟಾರು ವಾಹನದಲ್ಲಿ ಅಲೆಯುವುದಕ್ಕೆ ಕೊಡಲಿಲ್ಲ. ಶಾಸನಕ್ಕೂ ನಿಲುಕದ ಮಾತೊಂದಿದೆ. ಹಳ್ಳಿಯ ಅಂಗಡಿಯಲ್ಲಿ ರೊಟ್ಟಿ ಕೊಂಡು, ಈ ರಾತ್ರಿ ಎಲ್ಲಿ ತಂಗಬಹುದೆಂದು ಅವನು ಕೇಳಿದರೆ, ಕೇಳಿದ ಆ ಗಳಿಗೆಯಲ್ಲಿ, ಹಾಸಿಗೆ ಒಲೆಗಳೆಲ್ಲ ಗಾಡಿಯಲ್ಲಿದ್ದರೂ, ಅವನು ಮರಳಿ ಅತಿಥಿಯಾಗುತ್ತಾನೆ.