ಬಂದೂಕಿನ ಬೆಲೆ

ಹಳೆಯ ವಾಡೆಯ ಅಟ್ಟವನ್ನು ತೆರವು ಮಾಡುವಾಗ ಧೂಳು ಹಿಡಿದ ಒಂದು ಸೈನಿಕ ಬಂದೂಕು ನಮ್ಮ ಕೈಗೆ ಸಿಕ್ಕಿತೆಂದು ಭಾವಿಸೋಣ. ವಲಾಂಡಿ, ನಿಲಂಗಾ, ಉದಗೀರ, ಉಮರ್ಗಾಗಳ ಈ ಸೀಮೆಯಲ್ಲಿ ಅದು ಅಸಂಭವವಾದ ಮಾತಲ್ಲ. ಮನೆಮಂದಿ ಒಡನೆಯೇ ಎರಡು ಪ್ರಶ್ನೆ ಕೇಳುತ್ತಾರೆ: ಇದು ಯಾವ ಅಳತೆಯದು? ಇದರ ಬೆಲೆಯೆಷ್ಟು? ಮೊದಲನೆಯದಕ್ಕೆ ಕಬ್ಬಿಣವೇ ಉತ್ತರ ಹೇಳುತ್ತದೆ. ಎರಡನೆಯದಕ್ಕೆ ಉತ್ತರಿಸಬೇಕಾದವರು ನಾವು.

ಬ್ರಿಟಿಷ್ ಭಾರತದ ಸೇನೆಯಲ್ಲಿ ಬಹುಕಾಲ ಬಳಕೆಯಲ್ಲಿದ್ದುದು ಲೀ-ಎನ್‌ಫೀಲ್ಡ್ ರೈಫಲ್. ಹಿರಿಯರ ಬಾಯಲ್ಲಿ ಅದು 'ತ್ರೀ ನಾಟ್ ತ್ರೀ'. ನಳಿಗೆಯ ಒಳವ್ಯಾಸ 0.303 ಅಂಗುಲ, ಅಂದರೆ ಸುಮಾರು 7.7 ಮಿಲಿಮೀಟರ್; ಆ ಅಳತೆಯೇ ಅದರ ಹೆಸರಾಯಿತು. ಬೋಲ್ಟಿನ ಹಿಡಿಕೆಯ ಕೆಳಗೆ, ಮರದ ಹಿಂಗಟ್ಟು ಸೇರುವ ಉಕ್ಕಿನ ಪಟ್ಟಿಯ ಬಲಬದಿಯಲ್ಲಿ ಕಿರೀಟ, ರಾಜಮುದ್ರೆಯ ಅಕ್ಷರ, ಕಾರ್ಖಾನೆಯ ಹೆಸರು, ತಯಾರಾದ ವರ್ಷ, ಮಾದರಿ ಇವೆಲ್ಲ ಕೊರೆದಿರುತ್ತವೆ. ಆದರೆ ಹೊರರೂಪವನ್ನು ನಂಬುವಂತಿಲ್ಲ. ಬಂಗಾಳದ ಇಛಾಪುರದ ಕಾರ್ಖಾನೆಯಲ್ಲಿ ಇದೇ ಬಂದೂಕನ್ನು ಪೊಲೀಸರಿಗಾಗಿ 0.410 ಅಂಗುಲದ ನುಣುಪು ನಳಿಗೆಯ ಮಸ್ಕೆಟ್ಟಾಗಿ ಮಾರ್ಪಡಿಸಿದ್ದುಂಟು. 1962ರ ಯುದ್ಧದ ಅನಂತರ ಅಲ್ಲಿಯೇ ಬಹುತೇಕ ಇದೇ ರೂಪದಲ್ಲಿ 7.62 ಮಿಲಿಮೀಟರಿನ ರೈಫಲ್ ಸಿದ್ಧವಾಯಿತು. ಕಾರ್ತೂಸು ತುರುಕಿ ಅಳತೆ ನೋಡುವುದು ಪ್ರಾಣಕ್ಕೇ ಎರವಾಗಬಹುದು; ಮುದ್ರೆಯನ್ನು ಓದಿ, ಬಲ್ಲವರಿಂದ ಅಳೆಯಿಸಬೇಕು.

ಇನ್ನು ಬೆಲೆ. ಸೇನೆ ಕೈಬಿಟ್ಟ ರೈಫಲನ್ನು ವಿದೇಶಗಳಲ್ಲಿ ಸಂಗ್ರಾಹಕರು ಕೊಳ್ಳುತ್ತಾರೆ. ಬೋಲ್ಟಿನ ಸಂಖ್ಯೆಯೂ ಒಡಲಿನ ಸಂಖ್ಯೆಯೂ ಒಂದೇ ಇದ್ದರೆ ಬೆಲೆ ಏರುತ್ತದೆ. ನಮ್ಮಲ್ಲಿ ಆ ಪೇಟೆಯಿಲ್ಲ. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ 0.303 ನಿಷೇಧಿತ ಅಳತೆಗೆ ಸೇರಿದುದು. ಪರವಾನಗಿ ಇಲ್ಲದೆ ಮನೆಯಲ್ಲಿ ಇಟ್ಟುಕೊಳ್ಳುವುದೂ ಅಪರಾಧ. ಹೀಗಾಗಿ ಹಣದ ಲೆಕ್ಕ ಇಲ್ಲಿಗೇ ಮುಗಿಯುತ್ತದೆ. ಉಳಿಯುವುದು ಮಾನದ ಲೆಕ್ಕ.

"ಇದು ನಮ್ಮ ಅಜ್ಜ ರಜಾಕಾರರ ವಿರುದ್ಧ ಹಿಡಿದ ಬಂದೂಕು" ಎಂದು ಹೇಳಿಕೊಳ್ಳಲು ಯಾರಿಗೆ ಆಸೆಯಾಗದು? ಆ ಆಸೆಗೆ ಆಧಾರವೂ ಉಂಟು. ನಿಜಾಮನ ಆಳಿಕೆಯಲ್ಲಿ ಉದಗೀರ, ನಿಲಂಗಾಗಳು ಬೀದರ ಜಿಲ್ಲೆಗೆ ಸೇರಿದ್ದವು. ರಜಾಕಾರರ ನಾಯಕ ಕಾಸಿಂ ರಜ್ವಿ ವಕೀಲಿ ನಡೆಸಿದ್ದು ಲಾತೂರಿನಲ್ಲಿ. 1948ರ ಮೇ ತಿಂಗಳಲ್ಲಿ ಬಸವಕಲ್ಯಾಣದ ಬಳಿಯ ಗೋರಟಾ ನೆತ್ತರಿನಲ್ಲಿ ತೊಯ್ದಿತು. ಮುಂಡರಗಿ, ಗಜೇಂದ್ರಗಡಗಳ ಗಡಿ ಶಿಬಿರಗಳಲ್ಲಿ ತರುಣರು ಶಸ್ತ್ರ ಹಿಡಿದರು. ಸೆಪ್ಟೆಂಬರ್ 13ರಂದು ಭಾರತದ ಸೇನೆ ಒಳನುಗ್ಗಿತು. 17ರಂದು ನಿಜಾಮ ಶರಣಾದನು. ಆ ದಿನವನ್ನು ಗಡಿಯ ಎರಡೂ ಬದಿಗಳಲ್ಲಿ ನಾವು ಇಂದಿಗೂ ಆಚರಿಸುತ್ತೇವೆ.

ಆದರೆ ಕಥೆ 17ಕ್ಕೆ ನಿಲ್ಲಲಿಲ್ಲ. ಅನಂತರ ನಡೆದುದನ್ನು ಅರಿಯಲು ಸರಕಾರ ಕಳುಹಿಸಿದ ಪಂಡಿತ ಸುಂದರಲಾಲ್ ಸಮಿತಿ, ಸಂಸ್ಥಾನದಲ್ಲಿ 27,000ದಿಂದ 40,000 ಜನ ಸತ್ತಿರಬಹುದೆಂದು ಅಂದಾಜು ಮಾಡಿತು. ಅವರಲ್ಲಿ ಬಹುಪಾಲು ಮುಸಲ್ಮಾನರು. ಅತಿ ಹೆಚ್ಚು ನೊಂದ ಜಿಲ್ಲೆಗಳೆಂದು ಅದು ಹೇಳಿದ ನಾಲ್ಕು ಉಸ್ಮಾನಾಬಾದ್, ಗುಲ್ಬರ್ಗಾ, ಬೀದರ, ನಾಂದೇಡ. ನಮ್ಮ ಸೀಮೆ ಅವುಗಳ ನಟ್ಟನಡುವೆ ಇದೆ.

ಈಗ ಅಟ್ಟದ ಬಂದೂಕನ್ನು ಮತ್ತೆ ನೋಡೋಣ. ಅದನ್ನು ಗೋರಟಾದಂತಹ ಊರನ್ನು ಕಾಯಲು ಹಿಡಿದಿರಬಹುದು. ಸೆಪ್ಟೆಂಬರ್ 17ರ ಅನಂತರ ನೆರೆಮನೆಯವನ ಎದೆಗೆ ಹಿಡಿದಿರಲೂಬಹುದು. ಯಾರದೋ ಕೈಯಿಂದ ಬಿದ್ದುದನ್ನು ಭಯದಿಂದ ಅಡಗಿಸಿಟ್ಟಿರಬಹುದು. ಉಕ್ಕಿನ ಪಟ್ಟಿಯಲ್ಲಿ ಕಾರ್ಖಾನೆಯ ಹೆಸರಿದೆ, ಹಿಡಿದ ಕೈಯ ಹೆಸರಿಲ್ಲ. ಕೊಡಗಿನಲ್ಲಿ ಕೈಲ್‌ಪೊಳ್ದ್ ಹಬ್ಬದಂದು ಕೋವಿಗೆ ಹೂ ಮುಡಿಸಿ ಪೂಜಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು ಗುಂಡು, ಮನೆಯಲ್ಲಿ ಸಾವಾದರೆ ಎರಡು. ಅಲ್ಲಿ ಕೋವಿಯ ಸದ್ದಿಗೆ ಇಡೀ ಊರು ಸಾಕ್ಷಿ. ನಮ್ಮ ಅಟ್ಟದ ಬಂದೂಕಿಗೆ ಸಾಕ್ಷಿಯಿಲ್ಲ; ಸಾಕ್ಷಿಯಿಲ್ಲದ ವಸ್ತುವಿಗೆ ಶೌರ್ಯದ ಕಥೆ ಕಟ್ಟುವುದು ಸುಲಭ.

ಹಾಗಾದರೆ ಹಿರಿಯರನ್ನು ಶಂಕಿಸಬೇಕೇ ಎಂದು ಕೇಳಬಹುದು. ಬೇಡ. ನಿಜವಾಗಿ ಹೋರಾಡಿದವರಿಗೆ ಸಲ್ಲಬೇಕಾದ ಗೌರವ ಸಲ್ಲಲೆಂದೇ ಈ ಎಚ್ಚರ ಬೇಕು. ಎಲ್ಲ ಬಂದೂಕುಗಳೂ ವೀರರವೇ ಆದರೆ ವೀರರಿಗೆ ಉಳಿಯುವ ಬೆಲೆಯೇನು? ಅಜ್ಜ ಹೇಳಿದ್ದನ್ನು 'ಅಜ್ಜ ಹೇಳಿದ್ದು' ಎಂದೂ, ನಮಗೆ ಗೊತ್ತಿಲ್ಲದ್ದನ್ನು 'ಗೊತ್ತಿಲ್ಲ' ಎಂದೂ ಬರೆದಿಡುವುದರಿಂದ ಮನೆತನದ ಮಾನ ಕುಗ್ಗದು.

ಆದುದರಿಂದ ಇಂತಹ ವಸ್ತು ಸಿಕ್ಕಿದ ಮನೆಯವರು ಕಾನೂನಿನಂತೆ ಅದನ್ನು ಪೊಲೀಸ್ ಠಾಣೆಗೆ ಒಪ್ಪಿಸಲಿ. ಒಪ್ಪಿಸಿದ ಮೇಲೆ ಊರಿನ ಹಿರಿಯರನ್ನು, ಹಿಂದೂ ಮನೆಗಳಲ್ಲಿಯೂ ಮುಸಲ್ಮಾನ ಮನೆಗಳಲ್ಲಿಯೂ, 1948ರಲ್ಲಿ ಇಲ್ಲಿ ಏನು ನಡೆಯಿತೆಂದು ಕೇಳಲಿ. ಆ ಕಾಲವನ್ನು ಕಣ್ಣಾರೆ ಕಂಡವರು ಇನ್ನು ಕೆಲವರಷ್ಟೇ ಉಳಿದಿದ್ದಾರೆ. ಕನ್ನಡವೋ ಮರಾಠಿಯೋ ಉರ್ದುವೋ, ಅವರು ಹೇಳುವ ಭಾಷೆಯಲ್ಲಿಯೇ ಅದನ್ನು ಬರೆದಿಡೋಣ. ಬಂದೂಕು ಮನೆಯಿಂದ ಹೋದರೂ ಆ ಮಾತು ಮಕ್ಕಳಿಗೆ ಉಳಿಯುತ್ತದೆ.